ಕಾಯುವ ಪ್ರೊಸೆಸರ್

ಹೊಸ ಯಂತ್ರ, ಹಳೆಯ ಆದೇಶ

ಲ್ಯಾಪ್‌ಟಾಪ್ ಕೊಳ್ಳಲು ಹೋದವರು ಮೊದಲು ವಿಚಾರಿಸುವುದು ಪ್ರೊಸೆಸರ್ ಯಾವುದೆಂದು. ಎಷ್ಟನೆಯ ತಲೆಮಾರಿನದು, ಎಷ್ಟು ಕೋರ್‌ಗಳಿವೆ, ಎಷ್ಟು ಗಿಗಾಹರ್ಟ್ಸ್ ಎಂಬ ವಿವರಗಳು ಈಗ ಮನೆಮಾತು. ಕಂತಿನಲ್ಲಾದರೂ ಸರಿ, ಹೊಸದನ್ನೇ ಕೊಳ್ಳೋಣ ಎನ್ನುತ್ತೇವೆ. ಆ ಹೊಸ ಯಂತ್ರಕ್ಕೆ ಡೆಬಿಯನ್ ಲಿನಕ್ಸ್ ಹಾಕಿದಿರಿ ಎನ್ನಿ. ಅದರಲ್ಲಿರುವ ತಂತ್ರಾಂಶಗಳನ್ನು ಸಿದ್ಧಪಡಿಸಿರುವುದು 2003ರಲ್ಲಿ ಮಾರುಕಟ್ಟೆಗೆ ಬಂದ ಎಎಂಡಿಯ ಆಪ್ಟೆರಾನ್ ಪ್ರೊಸೆಸರಿಗೂ ಅರ್ಥವಾಗುವ ಆದೇಶಗಳಲ್ಲಿ. ಆಮೇಲಿನ ಇಪ್ಪತ್ತು ವರ್ಷಗಳಲ್ಲಿ ಪ್ರೊಸೆಸರುಗಳು ಕಲಿತ ಹೊಸ ಆದೇಶಗಳ ಗೊಡವೆಗೆ ಅವುಗಳಲ್ಲಿ ಹೆಚ್ಚಿನವು ಹೋಗುವುದೇ ಇಲ್ಲ.

ಇದನ್ನು ತಿಳಿದವರಿಗೆ ಒಂದು ಅನುಮಾನ ಬಂದೇ ಬರುತ್ತದೆ. ದುಡ್ಡು ಕೊಟ್ಟು ತಂದ ಶಕ್ತಿ ಸುಮ್ಮನೆ ಬಿದ್ದಿದೆಯೇ? ಪ್ರತಿಯೊಂದು ತಂತ್ರಾಂಶವನ್ನೂ ನಮ್ಮ ಪ್ರೊಸೆಸರಿಗೆಂದೇ ಮತ್ತೆ ಸಿದ್ಧಪಡಿಸಿಕೊಂಡರೆ ಯಂತ್ರ ಇನ್ನಷ್ಟು ಚುರುಕಾಗುವುದೇ? ಮೇಲ್ನೋಟಕ್ಕೆ ಹೌದೆಂದೇ ತೋರುತ್ತದೆ. ಅಳೆದು ನೋಡಿದವರಿಗೆ ಸಿಕ್ಕ ಉತ್ತರ ಬೇರೆ. ಆ ಉತ್ತರದ ಹಿಂದಿರುವ ಕಾರಣ ತಿಳಿದರೆ, ಕಂಪ್ಯೂಟರ್ ಯಾಕೆ ನಿಧಾನವಾಗುತ್ತದೆ ಎಂಬುದೂ ತಿಳಿಯುತ್ತದೆ.

ಮದುವೆಮನೆಯ ಅಡುಗೆಶಾಲೆ

ಪ್ರೋಗ್ರಾಮರ್ ಬರೆಯುವುದು ಮನುಷ್ಯರು ಓದಬಲ್ಲ ಭಾಷೆಯಲ್ಲಿ. ಪ್ರೊಸೆಸರಿಗೆ ತಿಳಿಯುವುದು ‘ಈ ಎರಡು ಸಂಖ್ಯೆ ಕೂಡು’, ‘ಇದನ್ನು ಅಲ್ಲಿಡು’, ‘ಸೊನ್ನೆಯಾದರೆ ಅತ್ತ ಹೋಗು’ ಎಂಬಂಥ ಕಿರು ಆದೇಶಗಳು ಮಾತ್ರ. ಮನುಷ್ಯರ ಬರಹವನ್ನು ಈ ಕಿರು ಆದೇಶಗಳಿಗೆ ಇಳಿಸುವ ತಂತ್ರಾಂಶವೇ ಕಂಪೈಲರ್. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ಫೋರ್ಟ್ರಾನ್ ಕಂಪೈಲರನ್ನು ಹೊರತಂದಾಗ, ನುರಿತವರು ಕೈಯಾರೆ ಬರೆದ ಆದೇಶಗಳಷ್ಟೇ ವೇಗವಾಗಿ ಕಂಪೈಲರ್ ಬರೆದವೂ ಓಡಬೇಕು ಎಂಬುದೇ ಅವರ ಮುಖ್ಯ ಚಿಂತೆಯಾಗಿತ್ತು. ಇಲ್ಲವಾದರೆ ಅದನ್ನು ಯಾರೂ ಮುಟ್ಟುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆ ಬಳಿಕ ಈ ವಿದ್ಯೆ ಬಹಳ ಬೆಳೆದಿದೆ. ಅದನ್ನು ಬೆಳೆಸಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಅಲೆನ್ ಅವರಿಗೆ 2006ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

ಪ್ರೊಸೆಸರನ್ನು ಮದುವೆಮನೆಯ ಅಡುಗೆ ಭಟ್ಟರೆಂದು ಭಾವಿಸಿ. ಕಂಪೈಲರ್ ಅವರ ಕೈಗೆ ಕೊಡುವುದು, ಅಡುಗೆಯ ವಿಧಾನವನ್ನು ಹಂತಹಂತವಾಗಿ ಬರೆದ ಚೀಟಿ. ಆ ಚೀಟಿ ಯಾವ ಊರಿನ ಯಾವ ಅಡುಗೆಶಾಲೆಗೆ ಹೋಗುತ್ತದೋ ಬರೆಯುವವರಿಗೆ ಗೊತ್ತಿಲ್ಲ. ಒಂದು ಕಡೆ ದೊಡ್ಡ ಗ್ರೈಂಡರ್ ಇರಬಹುದು, ಇನ್ನೊಂದು ಕಡೆ ಒರಳುಕಲ್ಲು ಮಾತ್ರ ಇರಬಹುದು. ಹಾಗಾಗಿ ‘ಒರಳಿನಲ್ಲಿ ರುಬ್ಬಿ’ ಎಂದೇ ಬರೆಯುತ್ತಾರೆ. ಒರಳು ಎಲ್ಲ ಕಡೆಯೂ ಇದ್ದೇ ಇರುತ್ತದೆ. ನಮ್ಮ ಪ್ರಶ್ನೆ ಇಷ್ಟೇ: ನಮ್ಮ ಅಡುಗೆಶಾಲೆಯಲ್ಲಿ ಗ್ರೈಂಡರ್ ಇದೆ ಎಂದು ಹೇಳಿ ಚೀಟಿ ಬರೆಸಿಕೊಂಡರೆ ಊಟ ಎಷ್ಟು ಬೇಗ ಸಿದ್ಧವಾದೀತು?

ಗ್ರೈಂಡರ್ ಬಂದ ಬಗೆ

ಪ್ರೊಸೆಸರುಗಳಿಗೆ ಸೇರಿದ ಹೊಸ ಆದೇಶಗಳಲ್ಲಿ ಮುಖ್ಯವಾದವನ್ನು ‘ಪಂಕ್ತಿ ಆದೇಶ’ಗಳೆಂದು ಕರೆಯೋಣ. ಒಂದೊಂದೇ ಸಂಖ್ಯೆಯನ್ನು ಎತ್ತಿಕೊಂಡು ಕೂಡುವ ಬದಲು, ಸಾಲಿನಲ್ಲಿರುವ ಸಂಖ್ಯೆಗಳನ್ನೆಲ್ಲ ಒಂದೇ ಏಟಿಗೆ ಕೂಡುವ ಆದೇಶಗಳಿವು. 1997ರಲ್ಲಿ ಇಂಟೆಲ್ ತನ್ನ ಪೆಂಟಿಯಂಗೆ ಎಂಎಂಎಕ್ಸ್ ಎಂಬ ಹೆಸರಿನಲ್ಲಿ ಇವನ್ನು ಸೇರಿಸಿತು. 1999ರ ಪೆಂಟಿಯಂ 3ರಲ್ಲಿ ಎಸ್‌ಎಸ್‌ಇ ಬಂತು. ಅದರಲ್ಲಿ ಒಂದು ಆದೇಶಕ್ಕೆ ಸಾಮಾನ್ಯ ಗಾತ್ರದ ನಾಲ್ಕು ಸಂಖ್ಯೆಗಳು. 2013ರ ಹ್ಯಾಸ್‌ವೆಲ್ ಪ್ರೊಸೆಸರುಗಳ ಎವಿಎಕ್ಸ್2ರಲ್ಲಿ ಎಂಟು, ಆಮೇಲೆ ಬಂದ ಎವಿಎಕ್ಸ್-512ರಲ್ಲಿ ಹದಿನಾರು.

ಯಾವ ಪ್ರೊಸೆಸರಿನಲ್ಲಿ ಏನಿದೆ ಎಂಬ ಗೊಂದಲ ಬೆಳೆಯುತ್ತ ಹೋದಾಗ, 2020ರಲ್ಲಿ ಎಎಂಡಿ, ಇಂಟೆಲ್, ರೆಡ್ ಹ್ಯಾಟ್ ಮತ್ತು ಸುಸೆ ಸೇರಿ ನಾಲ್ಕು ಮೆಟ್ಟಿಲುಗಳನ್ನು ಗೊತ್ತುಮಾಡಿದವು. ಮೊದಲ ಮೆಟ್ಟಿಲು 2003ರ ಆಪ್ಟೆರಾನ್‌ದು. ಎರಡನೆಯದು ಸರಿಸುಮಾರು 2008ರ ಪ್ರೊಸೆಸರುಗಳದು, ಮೂರನೆಯದು 2013ರ ಹ್ಯಾಸ್‌ವೆಲ್‌ನದು, ನಾಲ್ಕನೆಯದು ಎವಿಎಕ್ಸ್-512 ಇರುವವುಗಳದು. ರೆಡ್ ಹ್ಯಾಟ್ ಕಂಪನಿಯ ಎಂಟರ್‌ಪ್ರೈಸ್ ಲಿನಕ್ಸ್ 2022ರಲ್ಲಿ ಎರಡನೆಯ ಮೆಟ್ಟಿಲಿಗೂ 2025ರಲ್ಲಿ ಮೂರನೆಯದಕ್ಕೂ ಏರಿತು. ವಿಂಡೋಸ್ 11 ಕೂಡ 2024ರ ಆವೃತ್ತಿಯಿಂದ ಎರಡನೆಯ ಮೆಟ್ಟಿಲಿನ ಕೆಲವು ಆದೇಶಗಳು ಇರಲೇಬೇಕು ಎನ್ನುತ್ತದೆ. ಡೆಬಿಯನ್ ಈಗಲೂ ಮೊದಲ ಮೆಟ್ಟಿಲಿನಲ್ಲೇ ಇದೆ.

ಎಲ್ಲವನ್ನೂ ಮನೆಯಲ್ಲೇ ಸಿದ್ಧಪಡಿಸಿದವರು

ನಮ್ಮ ಪ್ರಶ್ನೆಗೆ ಹೌದೆಂಬ ಉತ್ತರವನ್ನೇ ಪೂರ್ತಿ ನಂಬಿ ಹುಟ್ಟಿದ ಒಂದು ಲಿನಕ್ಸ್ ಇದೆ. ಅಮೆರಿಕದ ಡೇನಿಯಲ್ ರಾಬಿನ್ಸ್ ಆರಂಭಿಸಿದ ಆ ಯೋಜನೆಗೆ ಮೊದಲಿದ್ದ ಹೆಸರು ಈನಾಕ್. ಪೆಂಗ್ವಿನ್‌ಗಳಲ್ಲೇ ಅತಿ ವೇಗವಾಗಿ ಈಜುವ ಜೆಂಟೂವಿನ ಹೆಸರನ್ನು ಆಮೇಲೆ ಇಟ್ಟರು. 2002ರಲ್ಲಿ ಜೆಂಟೂ 1.0 ಹೊರಬಂತು. ಸಿದ್ಧಪಡಿಸಿದ ತಂತ್ರಾಂಶವನ್ನು ಇಳಿಸಿಕೊಳ್ಳುವುದು ಅದರ ಪದ್ಧತಿಯಾಗಿರಲಿಲ್ಲ. ಮೂಲ ಬರಹವನ್ನು ತರಿಸಿಕೊಂಡು, ಪ್ರತಿಯೊಂದನ್ನೂ ಬಳಕೆದಾರರ ಯಂತ್ರದಲ್ಲೇ ಕಂಪೈಲ್ ಮಾಡಬೇಕಿತ್ತು. ‘ಮಾರ್ಚ್ ನೇಟಿವ್’ ಎಂಬ ಸೂಚನೆ ಕೊಟ್ಟರೆ ಕಂಪೈಲರ್ ತಾನಿರುವ ಯಂತ್ರದ ಪ್ರೊಸೆಸರನ್ನು ಗುರುತಿಸಿ, ಅದಕ್ಕೆ ಗೊತ್ತಿರುವ ಎಲ್ಲ ಆದೇಶಗಳನ್ನೂ ಬಳಸುತ್ತದೆ. ಬ್ರೌಸರಿನಂಥ ದೊಡ್ಡ ತಂತ್ರಾಂಶವಾದರೆ ಈ ಕೆಲಸಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ.

ಜೆಂಟೂ ಬಳಸಿದ ಒಂದಿಡೀ ಪೀಳಿಗೆ ಲಿನಕ್ಸ್ ಒಳಗೆ ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನು ಈ ಶ್ರಮದಿಂದಲೇ ಕಲಿಯಿತು. ಬೇಕಾದ ಭಾಗವನ್ನು ಮಾತ್ರ ಉಳಿಸಿಕೊಂಡು ಬೇಡದ್ದನ್ನು ಬಿಡುವ ಸ್ವಾತಂತ್ರ್ಯ ಅದರ ದೊಡ್ಡ ಗುಣ. ಆದರೂ 2023ರ ಡಿಸೆಂಬರಿನಲ್ಲಿ ಜೆಂಟೂ ಕೂಡ ಸಿದ್ಧಪಡಿಸಿದ ತಂತ್ರಾಂಶಗಳನ್ನು ದೊಡ್ಡ ಪ್ರಮಾಣದಲ್ಲಿ ಹಂಚತೊಡಗಿತು.

ಅಳತೆಗೆ ಸಿಕ್ಕಿದ್ದು

2025ರ ಅಕ್ಟೋಬರಿನಲ್ಲಿ ಉಬುಂಟು ಲಿನಕ್ಸ್ ತನ್ನ 25.10 ಆವೃತ್ತಿಯ ತಂತ್ರಾಂಶಗಳನ್ನು ಮೂರನೆಯ ಮೆಟ್ಟಿಲಿಗೂ ಪ್ರತ್ಯೇಕವಾಗಿ ಕಂಪೈಲ್ ಮಾಡಿ ಬೇಕೆಂದವರಿಗೆ ಕೊಟ್ಟಿತು. ಅಳತೆಯಲ್ಲಿ ತಮಗೆ ಕಂಡದ್ದನ್ನು ಅದರ ಎಂಜಿನಿಯರುಗಳು ಮುಚ್ಚಿಡಲಿಲ್ಲ: ಹೆಚ್ಚಿನ ತಂತ್ರಾಂಶಗಳಲ್ಲಿ ಲಾಭ ಸುಮಾರು ಶೇ. 1, ಲೆಕ್ಕಾಚಾರವೇ ಮುಖ್ಯವಾಗಿರುವ ಕೆಲವದರಲ್ಲಿ ಮಾತ್ರ ಅದಕ್ಕಿಂತ ಹೆಚ್ಚು. ಹತ್ತು ವರ್ಷಗಳ ಪ್ರೊಸೆಸರ್ ವಿನ್ಯಾಸದ ಫಲವನ್ನು ಬಳಸಿಕೊಂಡಾಗ ಸಿಕ್ಕಿದ್ದು ನೂರು ಸೆಕೆಂಡಿನಲ್ಲಿ ಒಂದು ಸೆಕೆಂಡ್.

ಅಷ್ಟು ಸಣ್ಣ ವ್ಯತ್ಯಾಸವನ್ನು ಅಳೆಯುವುದೇ ಕಷ್ಟ. 2009ರಲ್ಲಿ ಟಾಡ್ ಮೈಟ್ಕೊವಿಚ್ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. ತಂತ್ರಾಂಶ ಓಡುವಾಗ ಬಳಕೆದಾರರ ಹೆಸರು ಮುಂತಾದ ವಿವರಗಳು ಅದರ ನೆನಪಿನಲ್ಲಿ ಒಂದಿಷ್ಟು ಜಾಗ ಹಿಡಿದಿರುತ್ತವೆ. ಆ ಜಾಗದ ಗಾತ್ರ ಬದಲಾದರೆ ಉಳಿದದ್ದೆಲ್ಲ ತುಸು ಸರಿದು ಕೂರುತ್ತದೆ, ಅಷ್ಟಕ್ಕೇ ವೇಗ ಬದಲಾಗುತ್ತದೆ. ತಂತ್ರಾಂಶದ ಒಂದಕ್ಷರವನ್ನೂ ತಿದ್ದಿರುವುದಿಲ್ಲ. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಚಾರ್ಲಿ ಕರ್ಟ್‌ಸಿಂಗರ್ ಮತ್ತು ಎಮೆರಿ ಬರ್ಗರ್ ಈ ಆಕಸ್ಮಿಕಗಳನ್ನು ತೊಡೆದು ಅಳೆಯುವ ಉಪಾಯ ಕಂಡುಹಿಡಿದರು. ಕಂಪೈಲರಿಗೆ ವೇಗದ ವಿಷಯದಲ್ಲಿ ಒಂದನೆಯ, ಎರಡನೆಯ, ಮೂರನೆಯ ಹಂತಗಳೆಂಬ ಸೂಚನೆಗಳಿವೆ. ಅವರ ಅಳತೆಯಲ್ಲಿ ಒಂದರಿಂದ ಎರಡಕ್ಕೆ ಹೋದರೆ ಖಚಿತ ಲಾಭವಿತ್ತು. ಎರಡರಿಂದ ಮೂರಕ್ಕೆ ಹೋದಾಗಿನ ವ್ಯತ್ಯಾಸವನ್ನು ಬರಿಯ ಆಕಸ್ಮಿಕದಿಂದ ಬೇರ್ಪಡಿಸಿ ನೋಡಲು ಆಗಲಿಲ್ಲ. ಮರುಕಂಪೈಲ್ ಮಾಡಿದ ಮೇಲೆ ಯಂತ್ರ ಚುರುಕಾದಂತಿದೆ ಎಂಬ ಅನಿಸಿಕೆಯನ್ನು ಒಪ್ಪಿಕೊಳ್ಳುವ ಮೊದಲು ಈ ಎರಡು ಅಧ್ಯಯನಗಳನ್ನು ನೆನೆಯಬೇಕು.

ಭಟ್ಟರು ಸುಮ್ಮನೆ ನಿಲ್ಲುವ ಹೊತ್ತು

ಲಾಭ ಯಾಕಿಷ್ಟು ಕಡಿಮೆ? ಉತ್ತರ ಅಡುಗೆಶಾಲೆಯಲ್ಲೇ ಇದೆ. ಮೂರು ಗಿಗಾಹರ್ಟ್ಸ್‌ನ ಪ್ರೊಸೆಸರಿನ ಗಡಿಯಾರ ಸೆಕೆಂಡಿಗೆ 300 ಕೋಟಿ ಸಲ ಮಿಡಿಯುತ್ತದೆ. ಎರಡು ಸಂಖ್ಯೆ ಕೂಡಲು ಒಂದು ಮಿಡಿತ ಸಾಕು. ಆ ಸಂಖ್ಯೆಗಳು ಪ್ರೊಸೆಸರಿನ ಒಳಗೇ ಇರುವ, ಎಂಜಿನಿಯರುಗಳು ಕ್ಯಾಶ್ ಎನ್ನುವ ‘ಕೈನೆನಪಿ’ನಲ್ಲಿದ್ದರೆ ನಾಲ್ಕೈದು ಮಿಡಿತಗಳಲ್ಲಿ ಸಿಗುತ್ತವೆ. ಹೊರಗಿನ ರ‍್ಯಾಮ್‌ನಲ್ಲಿದ್ದರೆ 250ರಿಂದ 300 ಮಿಡಿತ ಕಾಯಬೇಕು. ಎಸ್‌ಎಸ್‌ಡಿಯಲ್ಲಿದ್ದರೆ ಸುಮಾರು 3 ಲಕ್ಷ. ಹಳೆಯ ತಿರುಗುವ ಹಾರ್ಡ್ ಡಿಸ್ಕಿನಲ್ಲಿದ್ದರೆ ಸುಮಾರು 3 ಕೋಟಿ.

ಭಟ್ಟರು ಒಂದು ಏಟು ಹೆಚ್ಚಲು ಒಂದು ಸೆಕೆಂಡ್ ತೆಗೆದುಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಪಕ್ಕದ ಮಸಾಲೆ ಡಬ್ಬಿಗೆ ಕೈಹಾಕಲು ಐದು ಸೆಕೆಂಡ್. ಉಗ್ರಾಣದಿಂದ ತೆಂಗಿನಕಾಯಿ ತರಿಸಲು ಐದು ನಿಮಿಷ. ಎಸ್‌ಎಸ್‌ಡಿ ಎಂಬ ಪೇಟೆಯಿಂದ ತರಿಸಲು ಮೂರೂವರೆ ದಿನ. ಹಾರ್ಡ್ ಡಿಸ್ಕ್ ಎಂಬ ದೂರದ ಊರಿನಿಂದ ಬರಬೇಕಾದರೆ ಹೆಚ್ಚುಕಡಿಮೆ ಒಂದು ವರ್ಷ. ಕಾಯಿ ಬರುವ ತನಕ ರುಬ್ಬುವುದು ಒರಳಿನಲ್ಲಾದರೇನು, ಗ್ರೈಂಡರಿನಲ್ಲಾದರೇನು! 1995ರಲ್ಲೇ ವರ್ಜೀನಿಯಾ ವಿಶ್ವವಿದ್ಯಾಲಯದ ವಿಲಿಯಂ ವುಲ್ಫ್ ಮತ್ತು ಸ್ಯಾಲಿ ಮಕ್ಕೀ, ಪ್ರೊಸೆಸರಿನ ವೇಗ ಬೆಳೆದಷ್ಟು ನೆನಪಿನ ವೇಗ ಬೆಳೆಯುತ್ತಿಲ್ಲ, ಮುಂದೊಂದು ದಿನ ‘ನೆನಪಿನ ಗೋಡೆ’ಗೆ ಢಿಕ್ಕಿ ಹೊಡೆಯುತ್ತೇವೆ ಎಂದು ಎಚ್ಚರಿಸಿದ್ದರು. ದಿನನಿತ್ಯ ನಾವು ಕಾಣುವ ನಿಧಾನದ ದೊಡ್ಡ ಪಾಲು ಇಂಥ ಕಾಯುವಿಕೆಯದು.

ಕಾಯುವುದರ ಜೊತೆಗೆ ಇನ್ನೊಂದು ಕಾರಣವಿದೆ: ದಿನನಿತ್ಯದ ಕೆಲಸಗಳಲ್ಲಿ ಲೆಕ್ಕಕ್ಕಿಂತ ತೀರ್ಮಾನಗಳೇ ಹೆಚ್ಚು. ಪರದೆಯ ಮೇಲೆ ‘ಸ್ತ್ರೀ’ ಎಂಬ ಒಂದಕ್ಷರ ಮೂಡಬೇಕಾದರೆ ಯಂತ್ರದೊಳಗೆ ಸ, ಹಲಂತ ಚಿಹ್ನೆ, ತ, ಮತ್ತೆ ಹಲಂತ ಚಿಹ್ನೆ, ರ, ದೀರ್ಘದ ಗುರುತು ಹೀಗೆ ಆರು ಸಂಕೇತಗಳು ಬರುತ್ತವೆ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್‌ಗಳಲ್ಲಿ ಇವನ್ನು ಜೋಡಿಸುವುದು ಹಾರ್ಫ್‌ಬಜ್ ಎಂಬ ತಂತ್ರಾಂಶ. ಇದು ಒತ್ತಕ್ಷರವೇ? ಅದರ ಕೆಳಗೆ ಇನ್ನೊಂದು ಒತ್ತಿದೆಯೇ? ಈ ಫಾಂಟಿನಲ್ಲಿ ಆ ಜೋಡಿಗೆ ಬೇರೆ ಆಕಾರವಿದೆಯೇ? ಒಂದು ಪ್ರಶ್ನೆಯ ಉತ್ತರ ಸಿಗದೆ ಮುಂದಿನದನ್ನು ಕೇಳುವಂತಿಲ್ಲ. ಇಂಥ ಕೆಲಸವನ್ನು ಪಂಕ್ತಿಯಲ್ಲಿ ಕೂರಿಸಲು ಬರುವುದಿಲ್ಲ. ಕಡತ ತೆರೆಯುವುದು, ಮೆನು ತೋರಿಸುವುದು, ಮಿಂಚಂಚೆಯಲ್ಲಿ ಹುಡುಕುವುದು, ಜಾಲತಾಣದ ಪುಟ ಜೋಡಿಸುವುದು ಬಹುಮಟ್ಟಿಗೆ ಇದೇ ಜಾತಿಯವು.

1967ರಲ್ಲಿ ಕಂಪ್ಯೂಟರ್ ಎಂಜಿನಿಯರ್ ಜೀನ್ ಆಮ್ಡಾಲ್ ಹೇಳಿದ ಲೆಕ್ಕ ಇಲ್ಲಿ ಸಾಕು. ಒಂದು ಕೆಲಸಕ್ಕೆ ಹತ್ತು ಸೆಕೆಂಡ್ ಹಿಡಿಯುತ್ತದೆ, ಅದರಲ್ಲಿ ಪಂಕ್ತಿಗೆ ಒಗ್ಗುವ ಭಾಗ ಒಂದು ಸೆಕೆಂಡ್ ಎನ್ನಿ. ಹೊಸ ಆದೇಶಗಳಿಂದ ಆ ಭಾಗ ನಾಲ್ಕು ಪಟ್ಟು ವೇಗವಾದರೆ ಕಾಲು ಸೆಕೆಂಡಿನಲ್ಲಿ ಮುಗಿಯುತ್ತದೆ. ಒಟ್ಟು ಕೆಲಸಕ್ಕೆ ಈಗಲೂ ಒಂಬತ್ತೂಕಾಲು ಸೆಕೆಂಡ್ ಬೇಕು.

ಚೀಟಿಯನ್ನು ತಿದ್ದಿಕೊಳ್ಳುವ ಭಟ್ಟರು

ಮರುಕಂಪೈಲ್ ಮಾಡಿದರೆ ವೇಗ ಹೆಚ್ಚುತ್ತದೆ ಎಂಬ ನಂಬಿಕೆ ಹುಟ್ಟಿದ ಕಾಲದಲ್ಲಿ ಅದಕ್ಕೆ ಆಧಾರವಿತ್ತು. 1993ರ ಮೊದಲ ಪೆಂಟಿಯಂ ಆದೇಶಗಳನ್ನು ಬರೆದ ಕ್ರಮದಲ್ಲೇ ನಡೆಸುತ್ತಿತ್ತು. ಎರಡು ಆದೇಶಗಳನ್ನು ಒಟ್ಟಿಗೆ ನಡೆಸುವ ಶಕ್ತಿ ಅದಕ್ಕಿತ್ತು. ಆದರೆ ಹೊಂದುವ ಎರಡನ್ನು ಅಕ್ಕಪಕ್ಕದಲ್ಲಿ ಇಟ್ಟುಕೊಡುವುದು ಕಂಪೈಲರಿನ ಹೊಣೆ. ಹೊಂದದಿದ್ದರೆ ಅರ್ಧ ಶಕ್ತಿ ವ್ಯರ್ಥ. ಆಗ ಪೆಂಟಿಯಂಗೆಂದೇ ಬರೆದ ಆದೇಶಗಳು ನಿಜಕ್ಕೂ ಮುಂದಿದ್ದವು.

1995ರ ಪೆಂಟಿಯಂ ಪ್ರೊ ಇದನ್ನು ಬದಲಿಸಿತು. ಅದು ಮುಂದಿನ ಹಲವಾರು ಆದೇಶಗಳನ್ನು ಮೊದಲೇ ಓದಿಕೊಂಡು, ಸಾಮಗ್ರಿ ಸಿಕ್ಕಿರುವ ಆದೇಶವನ್ನು ಮೊದಲು ಮುಗಿಸುತ್ತಿತ್ತು. ಉಗ್ರಾಣದಿಂದ ಕಾಯಿ ಬರುವ ತನಕ ಸುಮ್ಮನೆ ನಿಲ್ಲುವ ಬದಲು ಭಟ್ಟರು ಚೀಟಿಯ ಕೆಳಗಿನ ಸಾಲಿಗೆ ಹೋಗಿ ಬೇಳೆ ಬೇಯಲು ಇಡುತ್ತಾರೆ. ಇಂದಿನ ಲ್ಯಾಪ್‌ಟಾಪುಗಳ ಮುಖ್ಯ ಕೋರ್‌ಗಳೆಲ್ಲ ಹೀಗೆಯೇ ದುಡಿಯುತ್ತವೆ. ಚೀಟಿ ಯಾರಿಗೆಂದು ಬರೆದದ್ದೇ ಆಗಲಿ, ಅದರ ಕ್ರಮವನ್ನು ಪ್ರೊಸೆಸರ್ ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ. ಹೀಗಾಗಿ ಕಂಪೈಲರ್ ಪ್ರತ್ಯೇಕವಾಗಿ ಮಾಡಿಕೊಡಬೇಕಿದ್ದ ಕೆಲಸದ ದೊಡ್ಡ ಪಾಲು ಯಂತ್ರದೊಳಗೇ ನಡೆದುಹೋಗುತ್ತದೆ.

ಬೇಕಾದ ಕಡೆ ಗ್ರೈಂಡರ್ ಆಗಲೇ ಓಡುತ್ತಿದೆ

ವಿಡಿಯೊ ನೋಡುವುದು, ಚಿತ್ರ ಬಿಡಿಸುವುದು, ಗುಟ್ಟಿನ ಮಾಹಿತಿಯನ್ನು ಗೂಢಲಿಪಿಗೆ ಇಳಿಸುವುದು ಪಂಕ್ತಿ ಆದೇಶಗಳು ಬೇಕೇ ಬೇಕಾದ ಕೆಲಸಗಳು. ಹಳೆಯ ಮೆಟ್ಟಿಲಿಗೆ ಕಂಪೈಲ್ ಮಾಡಿದ ಯಂತ್ರದಲ್ಲಿ ಅವು ಸೊರಗಬೇಕಿತ್ತಲ್ಲವೇ? ಹಾಗಾಗುವುದಿಲ್ಲ. ಆ ತಂತ್ರಾಂಶಗಳನ್ನು ಬರೆದವರು ಚೀಟಿಯಲ್ಲೇ ಎರಡೂ ದಾರಿ ಬರೆದಿಟ್ಟಿದ್ದಾರೆ: ಗ್ರೈಂಡರ್ ಇದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ. ಓಡಲು ಆರಂಭಿಸಿದಾಗ ತಂತ್ರಾಂಶ ಪ್ರೊಸೆಸರನ್ನು ‘ನಿನಗೆ ಏನೇನು ಬರುತ್ತದೆ’ ಎಂದು ಕೇಳಿ ತಕ್ಕ ದಾರಿ ಹಿಡಿಯುತ್ತದೆ. ಇದಕ್ಕೆ ‘ಓಟದ ಹೊತ್ತಿನ ಆಯ್ಕೆ’ ಎನ್ನೋಣ.

ವಿಡಿಯೊ ಬಿಡಿಸುವ ಎಫ್‌ಎಫ್‌ಎಂಪೆಗ್ ಮತ್ತು ಡಾವಿಡ್ ತಂತ್ರಾಂಶಗಳಲ್ಲಿ ನುರಿತವರು ಕೈಯಾರೆ ಬರೆದ ಎವಿಎಕ್ಸ್2 ಆದೇಶಗಳು ಆಗಲೇ ಸೇರಿವೆ. ಓಪನ್‌ಎಸ್‌ಎಸ್‌ಎಲ್ ಗೂಢಲಿಪಿಗೆಂದೇ ಇರುವ ಆದೇಶಗಳನ್ನು ಪ್ರೊಸೆಸರಿನಲ್ಲಿ ಹುಡುಕಿ ಬಳಸುತ್ತದೆ. ನೆನಪಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾಹಿತಿ ಸಾಗಿಸುವ ಕೆಲಸ ಪ್ರತಿಯೊಂದು ತಂತ್ರಾಂಶಕ್ಕೂ ಬೇಕು. ಲಿನಕ್ಸಿನ ಜಿಲಿಬ್‌ಸಿ ಗ್ರಂಥಾಲಯ ಅದಕ್ಕೆ ಹಲವು ವಿಧಾನಗಳನ್ನು ಇಟ್ಟುಕೊಂಡು ನಿಮ್ಮ ಪ್ರೊಸೆಸರಿಗೆ ಸರಿಹೊಂದುವುದನ್ನು ಆರಿಸುತ್ತದೆ. ಲಿನಕ್ಸಿನ ತಿರುಳಾದ ಕರ್ನೆಲ್ ಇನ್ನೂ ಮುಂದೆ ಹೋಗಿ, ಹಲವು ಡಿಸ್ಕುಗಳಲ್ಲಿ ಮಾಹಿತಿ ಕಾಪಾಡುವ ರೇಡ್-6 ಲೆಕ್ಕಕ್ಕೆ ತನ್ನಲ್ಲಿರುವ ವಿಧಾನಗಳನ್ನು ಓಡಿಸಿ, ಅಳೆದು, ವೇಗವಾದದ್ದನ್ನು ಉಳಿಸಿಕೊಳ್ಳುತ್ತದೆ. ಕರ್ನೆಲ್ಲಿನ ಉಳಿದ ಭಾಗದಲ್ಲಿ ಪಂಕ್ತಿ ಆದೇಶಗಳನ್ನು ಬಳಸದಂತೆ ಕಂಪೈಲರಿಗೆ ಬೇಕೆಂದೇ ತಡೆ ಹಾಕಿದ್ದಾರೆ. ಆದ್ದರಿಂದ ಕರ್ನೆಲ್ಲನ್ನು ನಿಮ್ಮ ಪ್ರೊಸೆಸರಿಗೆಂದು ಮತ್ತೆ ಕಂಪೈಲ್ ಮಾಡಿದರೂ ಆ ಆದೇಶಗಳು ಅಲ್ಲಿ ಹೊಸದಾಗಿ ಸೇರುವುದಿಲ್ಲ.

ನಾವು ದಿನವಿಡೀ ಬಳಸುವ ಬ್ರೌಸರಿನ ಕಥೆಯೂ ಇದೇ. ಜಾಲತಾಣಗಳು ಕಳಿಸುವ ಜಾವಾಸ್ಕ್ರಿಪ್ಟನ್ನು ಕ್ರೋಮ್‌ನ ವಿ8 ಎಂಜಿನ್ 2008ರಿಂದಲೂ ನಿಮ್ಮ ಯಂತ್ರದಲ್ಲೇ, ನಿಮ್ಮ ಪ್ರೊಸೆಸರಿಗೆ ತಕ್ಕ ಆದೇಶಗಳಿಗೆ, ಪುಟ ತೆರೆದಿರುವಾಗಲೇ ಇಳಿಸುತ್ತ ಬಂದಿದೆ. ಜೆಂಟೂ ಬಳಕೆದಾರರು ಗಂಟೆಗಟ್ಟಲೆ ಕಾದು ಪಡೆಯುತ್ತಿದ್ದುದನ್ನು ಬ್ರೌಸರ್ ಪ್ರತಿ ಪುಟಕ್ಕೂ ಸದ್ದಿಲ್ಲದೆ ಮಾಡುತ್ತಿದೆ.

ಲಾಭ ಎಲ್ಲಿದೆ, ನಷ್ಟ ಎಲ್ಲಿದೆ

ಪ್ರೊಸೆಸರಿಗೆಂದೇ ಕಂಪೈಲ್ ಮಾಡುವುದರಿಂದ ದೊಡ್ಡ ಲಾಭ ಸಿಗುವ ಕೆಲಸಗಳೂ ಇವೆ. ಹವಾಮಾನದ ಮಾದರಿ, ಅಣುಗಳ ಚಲನೆಯ ಲೆಕ್ಕ, ನಿಮ್ಮ ಯಂತ್ರದಲ್ಲೇ ಓಡಿಸುವ ಭಾಷಾ ಮಾದರಿ ಮುಂತಾದವುಗಳಲ್ಲಿ ಉದ್ದುದ್ದ ಸಾಲಿನ ಸಂಖ್ಯೆಗಳನ್ನು ಮತ್ತೆ ಮತ್ತೆ ಗುಣಿಸಿ ಕೂಡಬೇಕು. ಅಂಥ ತಂತ್ರಾಂಶದಲ್ಲಿ ಓಟದ ಹೊತ್ತಿನ ಆಯ್ಕೆ ಇಲ್ಲದಿದ್ದರೆ, ಅದೊಂದನ್ನು ನಿಮ್ಮ ಪ್ರೊಸೆಸರಿಗೆ ಕಂಪೈಲ್ ಮಾಡಿಕೊಂಡರೆ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುತ್ತದೆ. ಸಾವಿರಾರು ಸರ್ವರುಗಳನ್ನು ಹಗಲಿರುಳು ಓಡಿಸುವ ಕಂಪನಿಗೆ ಶೇ. 1ರ ಲಾಭವೂ ವಿದ್ಯುತ್ ಬಿಲ್ಲಿನಲ್ಲಿ ಎದ್ದು ಕಾಣುತ್ತದೆ. ರೆಡ್ ಹ್ಯಾಟ್ ಮೇಲಿನ ಮೆಟ್ಟಿಲಿಗೆ ಏರಿದ್ದು ಅಂಥ ಗ್ರಾಹಕರನ್ನು ನೋಡಿ ಎಂದರೆ ಅರ್ಥವಾಗುತ್ತದೆ.

ಒಬ್ಬರ ಮೇಜಿನ ಮೇಲಿನ ಯಂತ್ರಕ್ಕೆ ಬಂದರೆ ನಷ್ಟದ ಕಡೆಯನ್ನೂ ನೋಡಬೇಕು. ಗ್ರೈಂಡರ್ ಇಲ್ಲದ ಅಡುಗೆಶಾಲೆಗೆ ಗ್ರೈಂಡರಿನ ಚೀಟಿ ಹೋದರೆ ಕೆಲಸವೇ ನಿಲ್ಲುತ್ತದೆ. ತಂತ್ರಾಂಶ ‘ಅಮಾನ್ಯ ಆದೇಶ’ ಎಂಬ ದೋಷ ತೋರಿಸಿ ಮುಚ್ಚಿಕೊಳ್ಳುತ್ತದೆ. ಹೊಸ ಯಂತ್ರದಲ್ಲಿ ಹಳೆಯದರ ಆದೇಶಗಳೆಲ್ಲ ಇರುತ್ತವೆ ಎಂಬ ಭರವಸೆಯೂ ಇಲ್ಲ. 2021ರ ಆರಂಭದಲ್ಲಿ ಬಂದ ಇಂಟೆಲ್‌ನ 11ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರಿನಲ್ಲಿ ಎವಿಎಕ್ಸ್-512 ಇತ್ತು. ಅದೇ ವರ್ಷದ ಕೊನೆಗೆ ಬಂದ 12ನೆಯ ತಲೆಮಾರಿಗೆ ಕಂಪನಿ ಆ ಸೌಲಭ್ಯ ಕೊಡಲಿಲ್ಲ. ಹಳೆಯ ಯಂತ್ರಕ್ಕೆಂದು ಕಂಪೈಲ್ ಮಾಡಿದ ತಂತ್ರಾಂಶವಿರುವ ಡಿಸ್ಕನ್ನು ಕಿತ್ತು ಹೊಸದಕ್ಕೆ ಹಾಕಿದರೆ ಅದು ಓಡದೇ ಹೋಗಬಹುದು.

ಅಗ್ಗದ ಯಂತ್ರಗಳ ವಿಷಯ ಇನ್ನೂ ಮುಖ್ಯ. 2021ರಲ್ಲಿ ಹೊಸದಾಗಿ ಬಂದ ಕೆಲವು ಸೆಲೆರಾನ್ ಪ್ರೊಸೆಸರುಗಳಲ್ಲೂ ಎವಿಎಕ್ಸ್2 ಇರಲಿಲ್ಲ. ವಿದ್ಯಾರ್ಥಿಗಳು, ಶಾಲೆಗಳು, ಸಣ್ಣ ಅಂಗಡಿಗಳು ಕೊಳ್ಳುವುದು ಇಂಥ ಲ್ಯಾಪ್‌ಟಾಪುಗಳನ್ನೇ. ಎಲ್ಲ ಲಿನಕ್ಸ್‌ಗಳೂ ಮೂರನೆಯ ಮೆಟ್ಟಿಲಿಗೆ ಏರಿ ಕೂತರೆ, ಇನ್ನೂ ಗಟ್ಟಿಮುಟ್ಟಾಗಿರುವ ಆ ಯಂತ್ರಗಳು ಶೇ. 1ರ ಲಾಭಕ್ಕಾಗಿ ಕಸದ ಬುಟ್ಟಿಗೆ ಹೋಗುತ್ತವೆ. ಡೆಬಿಯನ್ ಕೆಳಗಿನ ಮೆಟ್ಟಿಲಿನಲ್ಲೇ ಉಳಿದಿರುವುದು ಆಲಸ್ಯವೆಂದು ಕೆಲವರು ತಿಳಿಯುತ್ತಾರೆ. ನನ್ನ ಪಾಲಿಗೆ ಅದು ಕಡಿಮೆ ದುಡ್ಡಿರುವವರನ್ನೂ ಜೊತೆಗೆ ಕರೆದೊಯ್ಯುವ ವಿವೇಕ.

ಏನು ಮಾಡಬೇಕು

ನಿಮ್ಮ ಕಂಪ್ಯೂಟರ್ ನಿಧಾನವೆನಿಸಿದರೆ ಮೊದಲು ಅದು ಎಲ್ಲಿ ಕಾಯುತ್ತಿದೆ ಎಂದು ನೋಡಿ. ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ. ಮೇಲಿನ ಲೆಕ್ಕದಲ್ಲಿ ಒಂದು ವರ್ಷದ ಕಾಯುವಿಕೆ ಮೂರೂವರೆ ದಿನಕ್ಕೆ ಇಳಿಯುವುದು ಅಲ್ಲಿ. ರ‍್ಯಾಮ್ ತುಂಬಿ ತುಳುಕುತ್ತಿದ್ದರೆ ಇನ್ನಷ್ಟು ರ‍್ಯಾಮ್ ಸೇರಿಸಿ, ಇಲ್ಲವೇ ತೆರೆದಿಟ್ಟ ತಂತ್ರಾಂಶಗಳನ್ನು ಕಡಿಮೆ ಮಾಡಿ. ಲೆಕ್ಕಾಚಾರದ ಒಂದು ತಂತ್ರಾಂಶವೇ ನಿಮ್ಮ ದಿನವನ್ನು ತಿನ್ನುತ್ತಿದ್ದರೆ ಅದೊಂದನ್ನು ನಿಮ್ಮ ಪ್ರೊಸೆಸರಿಗೆ ಕಂಪೈಲ್ ಮಾಡಿ, ಮೊದಲೂ ಆಮೇಲೂ ಹಲವು ಸಲ ಓಡಿಸಿ, ಸಮಯ ಬರೆದಿಟ್ಟು ಹೋಲಿಸಿ. ಲಿನಕ್ಸಿನ ಒಳಗುಟ್ಟು ಕಲಿಯುವ ಆಸೆಯಿದ್ದರೆ ಇಡೀ ವ್ಯವಸ್ಥೆಯನ್ನು ಕಂಪೈಲ್ ಮಾಡಿ ನೋಡಿ. ಆ ಕಲಿಕೆಗೆ ಅದಕ್ಕಿಂತ ಒಳ್ಳೆಯ ದಾರಿ ಕಡಿಮೆ. ವೇಗಕ್ಕಾಗಿ ಮಾತ್ರ ಆ ಶ್ರಮ ಪಡಬೇಡಿ. ದಿನನಿತ್ಯದ ಕೆಲಸದಲ್ಲಿ ಅದರಿಂದ ಸಿಗುವ ಲಾಭ ಕಣ್ಣಿಗೆ ಕಾಣದಷ್ಟು ಸಣ್ಣದು.